ಬೇವಿನ ಗಿಡದ ರೇಡಿಯೋ, ಮುತ್ಯಾನ ಮೊದಲ ಸಾಲು

ನಮ್ಮ ಮುತ್ಯಾ, ಅಂದರೆ ಅವ್ವನ ಅಪ್ಪ, ವಿಮಾನ ಹತ್ತಿದವನಲ್ಲ. ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗಲೂ ಮೊದಲ ಮೆಟ್ಟಿಲು ಮುಟ್ಟಿ, ಕೈ ಕಣ್ಣಿಗೊತ್ತಿಕೊಂಡೇ ಹತ್ತುವ ಮನುಷ್ಯ. ಹೀಗಿದ್ದೂ, ಮೋಡದೊಳಗೆ ಏನೂ ಕಾಣದಾಗ ಒಂದು ರೇಡಿಯೋ ಕಂಬವನ್ನು ನಂಬಿ ವಿಮಾನ ಇಳಿಸುವುದನ್ನು ಯಾರು ಕಲಿಸಿದರು ಎಂದು ಕೇಳಿದರೆ ನಾನು ಇಬ್ಬರನ್ನು ಹೇಳುತ್ತೇನೆ. ಒಬ್ಬರು ವಾಯುಪಡೆಯಲ್ಲಿದ್ದು ಬಂದ ನನ್ನ ಗುರುಗಳು. ಇನ್ನೊಬ್ಬ ಶಹಾಪುರ ತಾಲ್ಲೂಕು ಸಗರದ ನಮ್ಮ ಮುತ್ಯಾ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಕೂರಿಸಿದೆನೆಂದು ಗುರುಗಳು ಒಮ್ಮೆಯೂ ಬೇಸರಪಟ್ಟಿಲ್ಲ. ಕಥೆ ಕೇಳಿದ ಮೇಲೆ ಅವರೇ, "ನಿಮ್ಮ ತಾತನ ಕಡೆಯೇ ತೂಕ ಜಾಸ್ತಿ ಬಿಡಮ್ಮ" ಅಂದರು.

ಅಪ್ಪ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಗುಮಾಸ್ತರು. ನಾನು ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ, ಮಾತು ಕಲಿತದ್ದು ಸಗರದಲ್ಲಿ. ಶನಿವಾರ ಅರ್ಧ ದಿನದ ಸಾಲೆ ಬಿಟ್ಟಿತೆಂದರೆ ಸೋಮವಾರದ ತನಕ ಮುತ್ಯಾನ ಮನೆ. ಅಜ್ಜಿ, ಅಂದರೆ ನಮ್ಮ ಆಯಿ, ರೊಟ್ಟಿ ಬಡಿಯುತ್ತ ಆಡುವ ಮಾತು, ಮುತ್ಯಾ ಎತ್ತುಗಳ ಜೊತೆ ಆಡುವ ಮಾತು, ಇವೆರಡನ್ನು ಕೇಳಿ ಕೇಳಿಯೇ ನನ್ನ ನಾಲಿಗೆ ಹೊರಳಿತು. ಹೆಂಡತಿಗಿಂತ ಎತ್ತುಗಳ ಜೊತೆಯೇ ಮುತ್ಯಾ ಹೆಚ್ಚು ಮರ್ಯಾದೆಯಿಂದ ಮಾತಾಡುತ್ತಾನೆ ಎಂಬುದು ಆಯಿಯ ಹಳೆಯ ದೂರು. ಎತ್ತುಗಳು ತಿರುಗಿ ಮಾತಾಡುವುದಿಲ್ಲ ಎಂಬುದು ಮುತ್ಯಾನ ಹಳೆಯ ಉತ್ತರ.

ಈಗ ಆ ಇಳಿಯುವ ವಿದ್ಯೆಯ ಬಗ್ಗೆ ನಾಲ್ಕು ಮಾತು ಹೇಳಬೇಕು. ವಿಮಾನ ನಿಲ್ದಾಣದ ಪಕ್ಕದಲ್ಲಿ ಒಂದು ಕಂಬ ನಿಲ್ಲಿಸಿರುತ್ತಾರೆ. ಅದು ಹಗಲೂ ರಾತ್ರಿ ಎಲ್ಲ ದಿಕ್ಕಿಗೂ ಒಂದೇ ಸಮನೆ ರೇಡಿಯೋ ಅಲೆ ಬಿಡುತ್ತ ನಿಂತಿರುತ್ತದೆ. ಅದು ಬೀಕನ್. ವಿಮಾನದೊಳಗೆ ಗಡಿಯಾರದಂಥ ಒಂದು ಮುಖ, ಅದರಲ್ಲೊಂದು ಮುಳ್ಳು. ಬೀಕನ್ ಯಾವ ಕಡೆಗಿದೆಯೋ ಆ ಕಡೆಗೆ ಮುಳ್ಳು ಬೊಟ್ಟು ಮಾಡುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಎಷ್ಟು ದೂರ, ಹೇಳುವುದಿಲ್ಲ. ಎಷ್ಟು ಎತ್ತರ, ಹೇಳುವುದಿಲ್ಲ. ನಾವು ಸರಿಯಾದ ಗೆರೆಯ ಮೇಲಿದ್ದೇವೋ ಇಲ್ಲವೋ, ಅದನ್ನೂ ಹೇಳುವುದಿಲ್ಲ. ದಿಕ್ಸೂಚಿ ನೋಡಿ, ಕೈಗಡಿಯಾರ ನೋಡಿ, ಎತ್ತರದ ಮೀಟರು ನೋಡಿ ಉಳಿದದ್ದನ್ನೆಲ್ಲ ನಾವೇ ಕೂಡಿಸಿಕೊಳ್ಳಬೇಕು. ನೆಲ ಕಾಣದೆ ಇಷ್ಟಕ್ಕಿಂತ ಕೆಳಗೆ ಇಳಿಯಕೂಡದು ಎಂದು ನಕ್ಷೆಯಲ್ಲಿ ಒಂದು ಎತ್ತರ ಬರೆದಿರುತ್ತದೆ. ಅಲ್ಲಿಯ ತನಕ ಇಳಿದು, ಮಟ್ಟಸವಾಗಿ ಸಾಗಿ, ರನ್‌ವೇ ಕಂಡರೆ ಇಳಿಯುವುದು, ಕಾಣದಿದ್ದರೆ ಮಾತಿಲ್ಲದೆ ಮೇಲೇರಿ ಹೊರಟುಹೋಗುವುದು. ಉಪಗ್ರಹ ಎಲ್ಲವನ್ನೂ ತೋರಿಸುವ ಈ ಕಾಲದಲ್ಲಿ ಇದೇಕೆ ಎಂದು ನಾನೂ ಕೇಳಿದ್ದೆ. "ಉಪಗ್ರಹ ಕೈಕೊಟ್ಟ ದಿನಕ್ಕೆ" ಅಂದಿದ್ದರು ಗುರುಗಳು.

ನಾನು ಈ ವಿದ್ಯೆಯ ಪರೀಕ್ಷೆಗೆ ಕೂತ ವರ್ಷ ಜೂನ್ ಹಿಡಿಯುವ ಮೊದಲೇ ಪಡುವಣ ಗಾಳಿ ಎದ್ದಿತ್ತು. ನಾನು ಕಲಿಯುತ್ತಿದ್ದದ್ದು ನಮ್ಮ ಸೀಮೆಯಿಂದ ಬಹಳ ದೂರದ ಒಂದು ಪುಟ್ಟ ನಿಲ್ದಾಣದಲ್ಲಿ. ಅಲ್ಲಿಯ ರನ್‌ವೇ ತೆಂಕಣದಿಂದ ಬಡಗಣಕ್ಕೆ. ಪರೀಕ್ಷೆಯ ದಿನ ಹಣೆಯಿಂದ ಒಂದು ಮರೆ ಇಳಿಬಿಟ್ಟಿರುತ್ತಾರೆ, ಕಿಟಕಿ ಕಾಣುವುದಿಲ್ಲ, ಮೀಟರುಗಳಷ್ಟೇ ಕಾಣುತ್ತವೆ. ನಾನು ಉತ್ತರಕ್ಕೆ ತಿರುಗಿ, ಮುಳ್ಳನ್ನು ಮೂಗಿನ ನೇರಕ್ಕೆ ತಂದುಕೊಂಡು ಹೊರಟೆ. ಎಡದಿಂದ ಗಾಳಿ ತಳ್ಳಿತು, ಮುಳ್ಳು ಎಡಕ್ಕೆ ಸರಿಯಿತು. ನಾನು ವಿಮಾನದ ಮೂಗನ್ನು ಎಡಕ್ಕೆ ತಿರುಗಿಸಿ ಮುಳ್ಳನ್ನು ಮತ್ತೆ ನೇರ ಮಾಡಿಕೊಂಡೆ. ಗಾಳಿ ಮತ್ತೆ ತಳ್ಳಿತು, ನಾನು ಮತ್ತೆ ತಿರುಗಿಸಿದೆ. ಮುಳ್ಳು ಕೊನೆಯ ತನಕ ನೆಟ್ಟಗೇ ಇತ್ತು, ನಾನು ಹಿಗ್ಗಿನಲ್ಲೇ ಇದ್ದೆ. ಮರೆ ತೆಗೆದಾಗ ನೋಡುತ್ತೇನೆ, ರನ್‌ವೇ ಯಾರೋ ಅಡ್ಡಾದಿಡ್ಡಿ ಹಾಕಿಹೋದ ಮಂಚದ ಹಾಗೆ ಎಡಕ್ಕೆ ಓರೆಯಾಗಿ ಬಿದ್ದಿದೆ. ಅಲ್ಲಿಂದ ಇಳಿಯುವ ಮಾತೇ ಇಲ್ಲ. ಪರೀಕ್ಷಕರು ಫೇಲ್ ಎಂದು ಬರೆದುಕೊಂಡರು.

ನಾವು ಹಾರಿದ ದಾರಿಯನ್ನು ವಿಮಾನದೊಳಗಿನ ಟ್ಯಾಬ್ ತಾನೇ ಗೆರೆ ಎಳೆದು ಇಟ್ಟುಕೊಂಡಿರುತ್ತದೆ. ಗುರುಗಳು ಅದನ್ನು ಹಾಳೆಯ ಮೇಲೆ ತೆಗೆದು ಕೈಗೆ ಕೊಟ್ಟರು. ಎಳೆದು ಬಾಗಿಸಿದ ಬಿಲ್ಲಿನಂಥ ಗೆರೆ. ಅವರು ಮೈಸೂರಿನ ಕಡೆಯವರು, ಬೈದರೂ ಬೆಲ್ಲ ಹಚ್ಚಿ ಬೈಯುವವರು.

"ಮುಳ್ಳಿನ ಹಿಂದೆ ಓಡ್ತೀಯಲ್ಲಮ್ಮ, ಕರು ಹಸುವಿನ ಹಿಂದೆ ಓಡಿದ ಹಾಗೆ. ಗಾಳಿ ಅಂತ ಒಂದಿದೆ ಅನ್ನೋದನ್ನೇ ಮರೀತೀಯ."

ಹತ್ತು ದಿನ ಬಿಟ್ಟು ಇನ್ನೊಮ್ಮೆ ಪರೀಕ್ಷೆ. ಆಗಲೂ ತಪ್ಪಿದರೆ ಪರೀಕ್ಷಕರು ಮತ್ತೆ ಬರುವುದು ಯಾವ ತಿಂಗಳೋ, ಅಷ್ಟರಲ್ಲಿ ನಾನು ಬರೆದು ಪಾಸಾದ ಪರೀಕ್ಷೆಗಳ ಅವಧಿ ತೀರಿ ಎಲ್ಲವನ್ನೂ ಮೊದಲಿನಿಂದ ಬರೆಯಬೇಕು. ನನ್ನ ಜೊತೆಯವರು ಮುಂದೆ ಹೋಗುತ್ತಾರೆ, ನಾನು ಉಳಿಯುತ್ತೇನೆ. ಗುರುಗಳು ಲೆಕ್ಕ ಬಿಡಿಸಿ ತೋರಿಸಿದರು. ಗಾಳಿ ಎಷ್ಟೋ ಅಷ್ಟಕ್ಕೆ ತಕ್ಕ ಹಾಗೆ ಮೂಗನ್ನು ಗಾಳಿಯ ಕಡೆ ತಿರುಗಿಸಿ ಇಟ್ಟುಬಿಡಬೇಕು, ಆಗ ಮುಳ್ಳು ಒಂದು ಮಗ್ಗುಲಿಗೆ ನಿಲ್ಲುತ್ತದೆ, ಅಲ್ಲೇ ನಿಲ್ಲಲು ಬಿಡಬೇಕು. ಹಾಳೆಯ ಮೇಲೆ ನನಗೆ ಎಲ್ಲ ತಿಳಿಯುತ್ತಿತ್ತು. ಆದರೆ ಕೈ ಕೇಳುತ್ತಿರಲಿಲ್ಲ. ಮುಳ್ಳು ಓರೆಯಾಗಿ ಕಂಡರೆ ಸಾಕು, ನೆಟ್ಟಗೆ ಮಾಡಲು ಕೈ ತಾನಾಗಿ ಹೋಗುತ್ತಿತ್ತು. "ಮನೆಗೆ ಹೋಗು. ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ದಿನಕ್ಕೆ ಹತ್ತು ಸಲ ಇಳಿಸು" ಎಂದು ಕಳಿಸಿಬಿಟ್ಟರು.

ಯಾದಗಿರಿಯಲ್ಲಿ ರೈಲಿಳಿದು ಬಸ್ಸು ಹಿಡಿದೆ. ಶಹಾಪುರದ ಮಲಗಿದ ಬುದ್ಧನ ಗುಡ್ಡದ ಮೇಲೆ ಮೋಡ ಇಳಿದು, ಬುದ್ಧ ಮುಸುಕೆಳೆದುಕೊಂಡಂತೆ ಕಾಣುತ್ತಿತ್ತು. ಕ್ವಾರ್ಟರ್ಸಿಗೆ ಹೋಗಿ ಅಪ್ಪನಿಗೆ ಮುಖ ತೋರಿಸುವ ಧೈರ್ಯ ಬರಲಿಲ್ಲ. ನೇರ ಸಗರಕ್ಕೆ ಹೋದೆ.

ಮರುದಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ, ಕೈಯಲ್ಲಿ ಲಟ್ಟಣಿಗೆ ಹಿಡಿದು ಕೂತಾಗ ಆಯಿ ನೀರಿನ ಕೊಡ ಇಳಿಸಿ ನಿಂತಳು.

"ಏ, ಇದೇನ ಇದು? ಇಷ್ಟು ವರ್ಷ ಓದಿ ಕುರ್ಚಿ ಮ್ಯಾಲ ಕುಂತು ಭುರ್ ಅನ್ನೋದು ಕಲತಿಯೇನು?"

"ವಿಮಾನ ಇಳಸಾಕತ್ತೀನಿ ಆಯಿ."

"ನನ್ನ ಲಟ್ಟಣಿಗಿ ತೆಳಗ ಇಳಸಿ ಆಮ್ಯಾಲ ವಿಮಾನ ಇಳಸು."

ಮುತ್ಯಾ ಒಳಗಿನಿಂದ ನಕ್ಕ. ಹೊರಗೆ ಬಂದು ಪಕ್ಕದಲ್ಲಿ ಕೂತು, ಏನಾಯಿತು ಹೇಳು ಅಂದ. ಅವನಿಗೆ ಸುಳ್ಳು ಹೇಳಿ ನನಗೆ ರೂಢಿಯಿಲ್ಲ. ಪರೀಕ್ಷೆ ತಪ್ಪಿದ್ದು, ಹತ್ತೇ ದಿನ ಇರುವುದು, ಎಲ್ಲ ಹೇಳಿ ಆ ಬಿಲ್ಲಿನ ಗೆರೆಯ ಹಾಳೆಯನ್ನು ಕೈಗೆ ಕೊಟ್ಟೆ. ಅವನು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಚಲೋ ಬಂದದಲ್ಲ ಯವ್ವಾ. ನೆಟ್ಟಗ ಅದ. ಮತ್ತ್ಯಾಕ ಫೇಲ್ ಮಾಡ್ಯಾರ?"

ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ ಬಂದು ಹಾಳೆ ಕಿತ್ತುಕೊಂಡಳು. "ಕನ್ನಡಕ ಇಲ್ದ ಅವರೇನು ನೋಡ್ತಾರ, ಒಳಗ ಬಾ, ಚಾ ಆಗ್ಯಾದ" ಅಂದಳು. ಮುತ್ಯಾ ಹುಟ್ಟಾ ಕನ್ನಡಕ ಹಾಕಿದವನಲ್ಲ.

ಇಲ್ಲಿ ಮುತ್ಯಾನ ಹಿರಿಮೆ ಹೇಳಬೇಕು. ಸಗರದಲ್ಲಿ ಈಗ ಬಿತ್ತಿಗೆಯೆಲ್ಲ ಟ್ರ್ಯಾಕ್ಟರಿನದೇ. ಆದರೂ ದೊಡ್ಡ ಹೊಲಗಳಲ್ಲಿ ಮೊದಲ ಸಾಲು ಎತ್ತಿನ ಕೂರಿಗೆಯಿಂದಲೇ ಬೀಳಬೇಕು, ಅದೂ ಮುತ್ಯಾನ ಕೈಯಿಂದ. ಆಮೇಲೆ ಟ್ರ್ಯಾಕ್ಟರಿನವನು ಅವನ ಸಾಲಿಗೆ ಗಾಲಿ ಕೂಡಿಸಿಕೊಂಡು ಇಡೀ ಹೊಲ ಬಿತ್ತುತ್ತಾನೆ. ಮೊದಲ ಸಾಲು ಸೊಟ್ಟಾದರೆ ಹೊಲವೆಲ್ಲ ಸೊಟ್ಟ. ಬೆಳೆ ಮೊಳಕಾಲೆತ್ತರ ಬಂದ ಮೇಲೆ ಅದನ್ನು ಮುಚ್ಚಿಡಲಾಗುವುದಿಲ್ಲ, ಬಸ್ಸಿನಲ್ಲಿ ಹೋಗುವವರೆಲ್ಲ ಕಿಟಕಿಯಿಂದ ನೋಡಿ, "ಯಾರಪ್ಪಾ ಇವರು, ಹಾವಿನ ಬೆನ್ನ ಮ್ಯಾಲ ಬಿತ್ಯಾರ" ಎನ್ನುತ್ತಾರೆ. ಒಂದು ಸಲ ಆ ಮಾತು ಬಂತೆಂದರೆ ಆ ಮನುಷ್ಯನನ್ನು ಮತ್ತೆ ಯಾರೂ ಕರೆಯುವುದಿಲ್ಲ. ಮುತ್ಯಾನ ಸಾಲಿಗೆ ಆ ಮಾತು ಬಂದದ್ದಿಲ್ಲ. ಕೊಂಕಲ್‌ನ ಬೀಗರು ಕೂಡ ಒಂದು ಕಾಲಕ್ಕೆ ಗಾಡಿ ಕಟ್ಟಿಕೊಂಡು ಬಂದು ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಹೊಲದ ಆ ತುದಿಯ ಒಂದು ಗಿಡವನ್ನು ಎರಡು ಎತ್ತುಗಳ ನಡುವೆ ಹಿಡಿದು, ರೆಪ್ಪೆ ಅಲುಗಿಸದೆ ನಡೆಯುತ್ತಾನೆ ಎಂದು ಊರವರು ಹೊಗಳುತ್ತಾರೆ.

ಅಡುಗೆ ಮನೆಯಲ್ಲಿ ಆಯಿಯನ್ನು ಹಿಡಿದೆ. "ಆಯಿ, ಮುತ್ಯಾಗ ಕಣ್ಣು ಕಾಣ್ಸಂಗಿಲ್ಲೇನು?"

"ಮೆಲ್ಲಕ ಮಾತಾಡು. ಎರಡು ವರ್ಷ ಆತು. ಮಾರಿ ಹತ್ರ ಬಂದ್ರ ಕಾಣ್ತದ, ದೂರಿಂದು ಎಲ್ಲ ಹೊಗಿ ಹೊಗಿ."

"ಹಂಗಾರ ಮೊದಲ ಸಾಲು?"

ಆಯಿ ಒಲೆಯ ಮೇಲಿನ ಗೂಡಿನಿಂದ ಹಳೆಯ ರೇಡಿಯೋ ಇಳಿಸಿದಳು. ನಾನು ಹುಟ್ಟುವ ಮೊದಲಿನದು. ಸುರಪುರದ ರಿಪೇರಿಯವನು ಪ್ರತಿ ಸಲವೂ "ಇದಕ್ಕ ಇನ್ನ ಮಣ್ಣು ಕೊಡ್ರಿ ಆಯಿ" ಎನ್ನುತ್ತಲೇ ಬೆಸುಗೆ ಹಾಕಿಕೊಡುತ್ತಿದ್ದ.

"ನಾ ಮುಂದ ಹೋಗಿ ಗಿಡಕ್ಕ ಇದನ್ನ ತೂಗಹಾಕ್ತೀನಿ. ಕಲಬುರಗಿ ಸ್ಟೇಷನ್ ಹಚ್ಚಿ ದೊಡ್ಡ ಆವಾಜ್ ಇಡ್ತೀನಿ. ಅವರು ಆ ದನಿ ಹಿಡದು ಬರ್ತಾರ. ಮಂದಿ ಏನಂತಾರ ಗೊತ್ತದೇನು? ಈ ಮುದುಕಿಗಿ ಹೊಲಕ್ಕ ಬಂದ್ರೂ ಹಾಡಿನ ಹುಚ್ಚು ಬಿಟ್ಟಿಲ್ಲ ಅಂತಾರ. ಅನ್ಲಿ ಬಿಡು."

"ಕಣ್ಣಿನ ಆಪರೇಷನ್ ಮಾಡಸಬೇಕಲ್ಲ?"

"ಬಿತ್ತಿಗಿ ಮುಗೀಲಿ ಅಂತಾರ. ಯಾ ವರ್ಷದ ಬಿತ್ತಿಗಿ ಅಂತ ಹೇಳಂಗಿಲ್ಲ."

ನಾನು ರೇಡಿಯೋವನ್ನೇ ನೋಡುತ್ತ ನಿಂತೆ. ಎಲ್ಲ ಕಡೆಗೂ ಒಂದೇ ಸಮನೆ ಕೂಗುತ್ತ ನಿಲ್ಲುವ ಒಂದು ದನಿ, ಅದನ್ನು ಹಿಡಿದು ಹೊರಟ ಕಣ್ಣು ಕಾಣದ ಒಬ್ಬ ಮನುಷ್ಯ. ನನ್ನ ಬೀಕನ್ನು ನಮ್ಮ ಮನೆಯ ಗೂಡಿನಲ್ಲೇ ಕೂತಿತ್ತು.

ಆ ಮಧ್ಯಾಹ್ನ ಮುತ್ಯಾನ ಹತ್ತಿರ ಹೋಗಿ, ನನಗೆ ಎಲ್ಲ ಗೊತ್ತಾಗಿದೆ ಎಂದೆ. ಅವನಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. "ಹಂಗಾರ ನಡಿ" ಅಂದ. ಮನೆಯ ಹಿಂದಿನ ನಮ್ಮ ತುಂಡು ಹೊಲಕ್ಕೆ ಹೋದೆವು. ಎರೆಭೂಮಿ, ಪಡುವಣದಿಂದ ಮೂಡಣಕ್ಕೆ ಇಳಿಜಾರು. ಬಡಗಣ ತುದಿಯ ಜಾಲಿ ಗಿಡಕ್ಕೆ ಆಯಿ ರೇಡಿಯೋ ಕಟ್ಟಿದಳು. ಮುತ್ಯಾ ತನ್ನ ತಲೆಯ ರುಮಾಲನ್ನೇ ಬಿಚ್ಚಿ ನನ್ನ ಕಣ್ಣಿಗೆ ಕಟ್ಟಿದ. ಬೀಜವಿಲ್ಲದ ಖಾಲಿ ಕೂರಿಗೆ, ಮುಂದೆ ಎತ್ತುಗಳು, ಕೈಯಲ್ಲಿ ಹಗ್ಗ.

"ದನಿ ಕೇಳಾಕತ್ತದಿಲ್ಲೋ? ಅತ್ತ ಹೋಗು."

ಹೋದೆ. ಹಾಡು ಸರಿಯಾಗಿ ಮೂಗಿನ ಮುಂದೆಯೇ ಇರುವಂತೆ ನೋಡಿಕೊಂಡೆ. ಬಲಕ್ಕೆ ಕೇಳಿದರೆ ಬಲಕ್ಕೆ, ಎಡಕ್ಕೆ ಕೇಳಿದರೆ ಎಡಕ್ಕೆ. ಜಾಲಿ ಗಿಡದ ಹತ್ತಿರ ಹೋಗಿ ಕಣ್ಣು ಬಿಚ್ಚುವಷ್ಟರಲ್ಲಿ ಮುತ್ಯಾ ನನ್ನ ಸಾಲಿನ ಮೇಲೆ ಬರಿಗಾಲಲ್ಲಿ ನಡೆಯುತ್ತ ಬರುತ್ತಿದ್ದ. ಹೆಬ್ಬೆರಳಿನಿಂದ ಗೆರೆ ಮುಟ್ಟಿ ಮುಟ್ಟಿ ನೋಡುತ್ತಿದ್ದ.

"ಬಿಲ್ಲು" ಅಂದ.

ಗುರುಗಳು ಕೊಟ್ಟ ಹಾಳೆಯ ಮೇಲಿದ್ದ ಬಿಲ್ಲೇ ಹೊಲದಲ್ಲಿ ಮಲಗಿತ್ತು. ಅದೇ ಬಾಗು, ಅದೇ ಮೂಡಣ ಹೊಟ್ಟೆ. ಬೆಳಿಗ್ಗೆ ಹಾಳೆಯಲ್ಲಿ ಕಾಣದ್ದನ್ನು ಅವನ ಹೆಬ್ಬೆರಳು ಒಂದೇ ಸಲಕ್ಕೆ ಓದಿತ್ತು.

"ನೋಡವ್ವ, ನೀ ದನೀನ ಮೂಗಿನ ಮುಂದ ಇಟಗೊಂಡಿ. ಆದ್ರ ಹೊಲ ಸುಮ್ಮ ಇರ್ತದೇನು? ಕೂರಿಗೀನ ಇಳಿಜಾರಿಗಿ ಎಳೀತದ. ನೀ ಜಾರ್ತಿ, ಹೊಳ್ಳಿ ದನಿ ಕಡಿ ತಿರಗ್ತಿ, ಮತ್ತ ಜಾರ್ತಿ. ಗಿಡಕ್ಕ ಮುಟ್ತಿ ಖರೇ, ಸಾಲು ಮುಟ್ಟಂಗಿಲ್ಲ."

"ಹಂಗಾರ ಏನ್ ಮಾಡ್ಲಿ?"

"ಎತ್ತಿನ ಮಾರಿ ಜರಾ ಏರಿನ ಕಡಿ ಇಡು, ಎಡಕ್ಕ. ದನಿ ಇಲ್ಲಿ ಬಂದು ಕೂಡ್ತದ." ಅವನ ಒರಟು ಬೆರಳು ನನ್ನ ಬಲ ಹುಬ್ಬಿನ ತುದಿಯನ್ನು ಮುಟ್ಟಿತು. "ಇಲ್ಲೇ ಇರ್ಲಿ. ಓರಿ ಆತು ಅಂತ ತಿದ್ದಾಕ ಹೋಗಬ್ಯಾಡ. ಹುಬ್ಬು ಬಿಟ್ಟು ಮೂಗಿನ ಕಡಿ ಬಂತಂದ್ರ ಜಾರಾಕತ್ತೀದಿ, ಇನ್ನ ಜರಾ ಏರಿಗಿ ಹಿಡಿ. ಕಿವಿ ಕಡಿ ಹೋತಂದ್ರ ಹೆಚ್ಚು ಏರಿದಿ, ಸಡ್ಲು ಬಿಡು. ಕೂತಲ್ಲೇ ಕೂತದಂದ್ರ ನೆಟ್ಟಗ ಹೊಂಟೀದಿ."

ಗುರುಗಳು ಹಲಗೆಯ ಮೇಲೆ ಬಳಪದಲ್ಲಿ ಬರೆದದ್ದಕ್ಕಿಂತ ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಆ ಬೆರಳು ಹುಬ್ಬನ್ನು ಮುಟ್ಟಿದ ಮೇಲೆ ಲೆಕ್ಕ ತಲೆಯಿಂದ ಇಳಿದು ಮೈಗೆ ಬಂತು. ಹೊತ್ತು ಇಳಿಯುವ ತನಕ ನಡೆದೆ. ಎತ್ತುಗಳು ನನ್ನನ್ನು ತಿರಸ್ಕಾರದಿಂದ ನೋಡತೊಡಗಿದವು. ಏಳೋ ಎಂಟೋ ಸಾಲಾದ ಮೇಲೆ ಮುತ್ಯಾ ಒಂದರ ಮೇಲೆ ನಡೆದು, ನಿಂತು, ಹಿಂತಿರುಗಿ ಇನ್ನೊಮ್ಮೆ ನಡೆದ. ರುಮಾಲು ತೆಗೆದುಕೊಂಡು ತಲೆಗೆ ಸುತ್ತಿಕೊಂಡ. ಅದೇ ಪಾಸು.

ಅಂದು ರಾತ್ರಿ ಹದವಾದ ಮಳೆ ಬಂತು. ಒಂದು ದಿನ ಬಿಟ್ಟು ಊರ ಮುಂದಿನ ದೊಡ್ಡ ಹೊಲದವರು ಕರೆಯಲು ಬಂದರು. "ತೊಗರಿ ಬಿತ್ತೋದು, ಟ್ರ್ಯಾಕ್ಟರ್ ನಿಂತದ, ಮುಂಜಾನೆ ಬರ್ರಿ" ಅಂದರು. ಆ ಹೊಲ ರಸ್ತೆಗೆ ಹೊಂದಿಯೇ ಇದೆ, ಬಸ್ಸುಗಳೆಲ್ಲ ಅದರ ಮಗ್ಗುಲಿಗೇ ಹೋಗುತ್ತವೆ.

ಬೆಳಿಗ್ಗೆ ಆಯಿಯೂ ನಾನೂ ಮುಂದೆ ಹೋಗಿ ಆ ತುದಿಯ ಬೇವಿನ ಗಿಡಕ್ಕೆ ರೇಡಿಯೋ ಕಟ್ಟಿದೆವು. ಸಾಲು ಹೊರಡುವ ತುದಿಯಲ್ಲಿ ಹೊಲದವರು, ಟ್ರ್ಯಾಕ್ಟರಿನವನು, ನಾಲ್ಕೈದು ಮಂದಿ. ಬೀಜ ಬಿಡಲು ಹೊಲದವರ ಸೊಸೆ ಕೂರಿಗೆಯ ಹಿಂದೆ. ಮುತ್ಯಾ ಭೂಮಿಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡ. ಎತ್ತುಗಳ ಮುಖ ಒಂದಿಷ್ಟೇ ಎಡಕ್ಕೆ ತಿರುಗಿತು. ಮೊನ್ನೆಯ ತನಕ ಅದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ, ಈಗ ಅದೊಂದೇ ಕಂಡಿತು.

ಅವನು ಬರುವುದನ್ನು ನೋಡಬೇಕಿತ್ತು. ಗಾಳಿ ಧೋತರವನ್ನು ಬಲಕ್ಕೆ ಹಾರಿಸುತ್ತಿತ್ತು, ಅವನು ಮಾತ್ರ ಬಾವಿಗೆ ಇಳಿಬಿಟ್ಟ ಹಗ್ಗದ ಹಾಗೆ ನೆಟ್ಟಗೆ. ತಲೆ ತುಸು ವಾಲಿಸಿ, ತುಟಿಯಲ್ಲಿ ಎತ್ತುಗಳಿಗೆ ಏನೋ ಹೇಳುತ್ತ ಬರುತ್ತಿದ್ದ. ಅರ್ಧಕ್ಕಿಂತ ಹೆಚ್ಚು ಬಂದಿದ್ದ. ಆಗ ರೇಡಿಯೋದ ಹಾಡು ಸೊರಗಿತು, ಕರಕರ ಅಂದಿತು, ನಿಂತುಹೋಯಿತು.

ಆಯಿ ನನ್ನನ್ನು ನೋಡಿದಳು. ಸೆಲ್ಲು ಸತ್ತಿತ್ತು. ಕಲಿತ ದಿನ ಮಧ್ಯಾಹ್ನದಿಂದ ಹೊತ್ತು ಮುಳುಗುವ ತನಕ ಅದನ್ನು ಹಚ್ಚಿ ನಡೆದವಳು ನಾನೇ, ಹೊಸ ಸೆಲ್ಲು ತರಬೇಕೆಂಬ ನೆನಪೂ ಆಗದವಳು ನಾನೇ.

ಮುತ್ಯಾ ಆ ಕ್ಷಣಕ್ಕೇ ನಿಂತ. ಇನ್ನೊಂದು ಹೆಜ್ಜೆ ಇಡಲಿಲ್ಲ. ಬಗ್ಗಿ, ನೊಗದ ಹಗ್ಗ ಸಡಿಲಾಗಿದೆಯೇನೋ ಎಂಬಂತೆ ಬಿಚ್ಚಿ ಕಟ್ಟತೊಡಗಿದ. ಹೊರಟ ತುದಿಯಿಂದ ಯಾರೋ ಕೂಗಿದರು, "ಯಾಕ್ರಿ ಮುತ್ಯಾ, ಏನಾತು?" ಅವನು ಕೈಯೆತ್ತಿ, ಏನಿಲ್ಲ ಅಂದ.

ಆಯಿ ಸೆರಗು ಸೊಂಟಕ್ಕೆ ಸಿಗಿಸಿ, ಬೇವಿನ ಬೊಡ್ಡೆಗೆ ಬೆನ್ನು ಕೊಟ್ಟು ನಿಂತು ಶುರು ಮಾಡಿದಳು.

"ಏನ್ರೀ! ನಿಂತೇ ಬಿಟ್ಟರಲ್ಲ! ಹಗ್ಗ ಕಟ್ಟೋದಕ್ಕ ಮುಹೂರ್ತ ನೋಡಾಕತ್ತೀರೇನು? ಎತ್ತು ಮುದುಕಾಗ್ಯಾವೋ ನೀವು ಮುದುಕಾಗೀರೋ? ಮುಂಜಾನಿ ಎರಡು ರೊಟ್ಟಿ ಹೆಚ್ಚಿಗಿ ತಿಂದ್ರಲ್ಲ, ಅವೆಲ್ಲಿ ಹೋದ್ವು? ಬರ್ರಿ! ನಾ ಇಲ್ಲೇ ನಿಂತೀನಿ, ಬರ್ರಿ!"

ಆ ತುದಿಯವರು ಬಿದ್ದು ಬಿದ್ದು ನಕ್ಕರು. ಮುತ್ಯಾ ನಿಧಾನವಾಗಿ ನೆಟ್ಟಗಾದ. ತಲೆ ತುಸು ವಾಲಿತು. ಎತ್ತುಗಳು ಹೊರಟವು. ಆಯಿ ಒಂದು ಉಸಿರೂ ಬಿಡುವು ಕೊಡದೆ ಬೈಯುತ್ತಲೇ ಇದ್ದಳು. ಮದುವೆಯ ಕಾಲದ ಸಿಟ್ಟುಗಳೆಲ್ಲ ಹೊರಬಿದ್ದವು, ಆಗ ಮುತ್ಯಾನ ಅಕ್ಕ ಆಡಿದ ಒಂದು ಮಾತು ಕೂಡ. ಕೂರಿಗೆ ಬೇವಿನ ನೆರಳಿಗೆ ಬಂದು ಮುಟ್ಟುವ ತನಕ ನಿಲ್ಲಿಸಲಿಲ್ಲ. ಮುತ್ಯಾ ಹಗ್ಗ ಬಿಟ್ಟು ಮುಖ ಒರೆಸಿಕೊಂಡ.

"ಸಾಕು ಬಿಡ, ಮುಟ್ಟಿದೆ" ಅಂದ.

ಹೊಲದವರು ಸಾಲಿನ ತಲೆಗೆ ಬಂದು, ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು. "ದಾರ ಹಿಡದಂಗ ಅದ" ಅಂದರು. ಟ್ರ್ಯಾಕ್ಟರು ಗುಡುಗಿಕೊಂಡು ಬಂದು ಆ ಸಾಲಿಗೆ ಗಾಲಿ ಕೂಡಿಸಿತು.

ದಾರಿಯಲ್ಲಿ ಸೆಲ್ಲಿನ ತಪ್ಪು ಒಪ್ಪಿಕೊಂಡೆ. ಮುತ್ಯಾ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನಾನು ಕೇಳಿದೆ, "ಅಲ್ಲೇ ಯಾಕ ನಿಂತಿ ಮುತ್ಯಾ? ಎತ್ತಿನ ಮಾರಿ ಹಂಗೇ ಇಟ್ಟು ನಡದಿದ್ರ ಬರ್ತಿತ್ತಲ್ಲ?"

"ದನಿ ಇಲ್ದ ಒಂದು ಹೆಜ್ಜಿ ಸುದ್ದಾ ಇಡಬಾರದು ತಾಯಿ. ಕಾಲು ನಡೀತಾವ. ನೆಟ್ಟಗ ಹೊಂಟೀನಿ ಅಂತ ಮನಸ್ಸೂ ಹೇಳ್ತದ. ಆ ಮನಸ್ಸಿನ ಮಾತು ಕೇಳಿ ಸೊಟ್ಟ ಹೋದವರು ಭಾಳ ಮಂದಿ."

ಆ ಮಾತು ಆಗ ನನಗೆ ಅಷ್ಟು ತಟ್ಟಲಿಲ್ಲ. ಆಯ್ತು ಅಂದೆ. ನನ್ನ ತಲೆಯಲ್ಲಿ ಹುಬ್ಬಿನ ಪಾಠವಷ್ಟೇ ತುಂಬಿತ್ತು.

ಪರೀಕ್ಷೆಯ ದಿನ ಅಲ್ಲಿಯೂ ಪಡುವಣ ಗಾಳಿ. ಪರೀಕ್ಷಕರು ಬೇರೆಯವರು, ಹೆಚ್ಚು ಮಾತಿಲ್ಲ. ಹಣೆಯ ಮೇಲೆ ಮರೆ ಇಳಿಯಿತು. ಬೀಕನ್ನಿನ ಗುರುತಿನ ಸದ್ದು ಕಿವಿಯಲ್ಲಿ ಶುರುವಾಯಿತು. ಪ್ರತಿ ಬೀಕನ್ನಿಗೂ ಅದರದೇ ಒಂದು ಸದ್ದು, ಗಿಡ್ಡ ಉದ್ದ ಗಿಡ್ಡ ಎಂದು ಹಕ್ಕಿಯೊಂದು ಬಿಡದೆ ಕೂಗಿದ ಹಾಗೆ. ಅದರ ತಲೆಯ ಮೇಲೆ ಹಾದು, ದೂರ ಹೋಗಿ, ತಿರುಗಿ, ಉತ್ತರಕ್ಕೆ ಮುಖ ಮಾಡಿದೆ. ಮೂಗನ್ನು ಒಂದಿಷ್ಟು ಎಡಕ್ಕೆ, ಏರಿನ ಕಡೆಗೆ ಹಿಡಿದೆ. ಮುಳ್ಳು ಬಲಕ್ಕೆ ಸರಿದು ನಿಂತಿತು. ನನ್ನ ಕೈ ಮತ್ತೆ ತಿದ್ದಲು ಹೊರಟಿತು, ಬಲ ಹುಬ್ಬಿನ ಮೇಲೆ ಒಂದು ಒರಟು ಬೆರಳು ಕೂತಂತಾಯಿತು, ಕೈ ಅಲ್ಲೇ ನಿಂತಿತು. ಮುಳ್ಳು ಕೂತಲ್ಲೇ ಕೂತಿತ್ತು. ಒಂದೊಂದೇ ಹಂತ ಇಳಿದೆ.

ಇನ್ನೇನು ಕೊನೆಯ ಹಂತ ಎನ್ನುವಾಗ ಏನೋ ಕಡಿಮೆಯಾದಂತೆ ಅನ್ನಿಸಿತು. ಮುಳ್ಳು ನೋಡಿದೆ, ಸರಿಯಾಗಿದೆ. ದಿಕ್ಕು ಸರಿ, ಎತ್ತರ ಸರಿ. ಆಮೇಲೆ ತಿಳಿಯಿತು, ಕಿವಿಯಲ್ಲಿ ಹಕ್ಕಿ ಕೂಗುತ್ತಿಲ್ಲ. ಆ ಮುಳ್ಳಿನ ಮೀಟರಿನದೊಂದು ಗುಣ ಇದೆ. ಬೀಕನ್ ಸತ್ತರೂ ಅದು ಬಾಯಿಬಿಟ್ಟು ಹೇಳುವುದಿಲ್ಲ, ಯಾವ ಕೆಂಪು ಗುರುತೂ ಏಳುವುದಿಲ್ಲ, ಮುಳ್ಳು ಇದ್ದಲ್ಲೇ ಸುಮ್ಮನೆ ನಿಂತಿರುತ್ತದೆ. ನೋಡಲು ಅದಕ್ಕಿಂತ ನೆಟ್ಟಗಿನ ಸಾಲಿಲ್ಲ.

ಇನ್ನೊಂದಿಷ್ಟೇ ದೂರ, ಹೀಗೇ ಹಿಡಿದರೆ ಮುಟ್ಟಿಬಿಡುತ್ತೇನೆ ಎಂದು ಮನಸ್ಸು ಹೇಳಿತು. ಇಲ್ಲಿ ಬಿಟ್ಟುಹೋದರೆ ಪರೀಕ್ಷೆ ಕೆಡಬಹುದು ಎಂದೂ ಹೇಳಿತು. ಬೇವಿನ ಗಿಡದ ಆಚೆ, ಅರ್ಧ ಹೊಲದಲ್ಲಿ, ಎಲ್ಲರ ಕಣ್ಣೆದುರಿಗೆ ನಿಂತು ಹಗ್ಗ ಕಟ್ಟುತ್ತಿದ್ದ ಮುತ್ಯಾ ನೆನಪಾದ. ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಮೂಗು ಮೇಲೆತ್ತಿ, ಗೆರೆ ಬಿಟ್ಟು ಪಕ್ಕಕ್ಕೆ ಹೊರಳಿದೆ.

"ಬೀಕನ್ ಸದ್ದಿಲ್ಲ. ಮೇಲೇರುತ್ತಿದ್ದೇನೆ" ಅಂದೆ.

ಪರೀಕ್ಷಕರು ಬರೆದುಕೊಂಡರು. ಮೇಲೇರಿ ಮಟ್ಟಸವಾದ ಮೇಲೆ ಅವರ ಕೈ ಒಂದು ಗುಂಡಿಯನ್ನು ತಿರುಗಿಸಿದ್ದು ಮರೆಯ ಅಂಚಿನಲ್ಲಿ ಕಂಡಿತು. ಕಿವಿಯಲ್ಲಿ ಹಕ್ಕಿ ಮತ್ತೆ ಕೂಗಿತು. ನಾನು ಎತ್ತರದ ಮೀಟರಿನ ಮೇಲೆ ಕಣ್ಣಿಟ್ಟಿದ್ದಾಗ ಅದನ್ನು ತಪ್ಪಿಸಿದವರೂ ಅವರೇ.

"ಇನ್ನೊಮ್ಮೆ" ಅಂದರು.

ಇನ್ನೊಮ್ಮೆ ಹೋದೆ. ಕೊನೆಯ ಎತ್ತರಕ್ಕೆ ಬಂದು ಮಟ್ಟಸವಾದಾಗ ಮರೆ ಸರಿಯಿತು. ಮೂಗಿನ ಮುಂದೆ ಬರೀ ಹೊಲ. ರನ್‌ವೇ ಇಲ್ಲ. ಆಮೇಲೆ ಬಲ ಹುಬ್ಬಿನ ಕಡೆ ಕಣ್ಣು ಹೊರಳಿಸಿದೆ. ರನ್‌ವೇ ಅಲ್ಲಿತ್ತು, ಉದ್ದಕ್ಕೆ, ನೆಟ್ಟಗೆ, ನಾನು ಬರುವುದನ್ನೇ ಕಾಯುತ್ತಿದ್ದಂತೆ.

ಇಳಿದು ಎಂಜಿನ್ ನಿಲ್ಲಿಸಿದ ಮೇಲೆ ಪರೀಕ್ಷಕರು ಕೇಳಿದರು, "ಮೊದಲ ಸಲ ಮುಳ್ಳು ಸರಿಯಾಗಿಯೇ ಇತ್ತಲ್ಲ, ಯಾಕೆ ಬಿಟ್ಟುಹೋದಿರಿ?"

"ದನಿ ಇರಲಿಲ್ಲ ಸರ್."

ಅವರು ಒಮ್ಮೆ ನನ್ನ ಮುಖ ನೋಡಿ ಸಹಿ ಹಾಕಿದರು.

ಆ ದಿನದ ಎರಡು ಗೆರೆಯ ಹಾಳೆ ತೆಗೆದುಕೊಂಡು ಸಗರಕ್ಕೆ ಹೋದೆ. ಮುತ್ಯಾನಿಗೆ ತೋರಿಸುವುದು ಹೇಗೆ? ಅದಕ್ಕೆ ಆಯಿಯೇ ದಾರಿ ಮಾಡಿದಳು. ಕೌದಿ ಹೊಲಿಯುವ ದಪ್ಪ ಸೂಜಿ ದಾರ ತಂದು, ಹಾಳೆಯ ಬೆನ್ನಿಗೆ ಹಳೆಯ ಧೋತರದ ತುಂಡು ಕೊಟ್ಟು, ಬಾಗಿಲ ಬೆಳಕಿಗೆ ಕೂತು ಗೆರೆಗಳ ಮೇಲೆ ಹೊಲಿದಳು. ಮೊದಲ ಸಲದ್ದು ಕೆಂಪು ದಾರ, ಎರಡನೆಯದು ಕರಿ ದಾರ. ದಾರ ಕತ್ತರಿಸಿ ಮುತ್ಯಾನ ತೊಡೆಯ ಮೇಲಿಟ್ಟಳು.

ಅವನು ಹೆಬ್ಬೆರಳಿನಿಂದ ಕರಿ ದಾರದ ಮೇಲೆ ನಡೆದ. ತುದಿಯ ತನಕ ಹೋದ. ತಲೆದೂಗಿದ. ಆಮೇಲೆ ಕೆಂಪು ದಾರ. ಅರ್ಧಕ್ಕಿಂತ ಮುಂದೆ ಹೋಗಿ ಬೆರಳು ನಿಂತಿತು.

"ಇಲ್ಲಿ ಸೊಟ್ಟ ಆಗ್ಯಾದಲ್ಲ ಯವ್ವಾ. ಸಾಲು ಬಿಟ್ಟು ಹೊರಗ ಹೋಗೀದಿ."

"ಅಲ್ಲಿ ದನಿ ನಿಂತಿತು ಮುತ್ಯಾ. ಮ್ಯಾಲೆದ್ದು ಹೊಂಟುಬಿಟ್ಟೆ."

ಅವನ ಬೆರಳು ಆ ತಿರುವಿನ ಮೇಲೆ ಬಹಳ ಹೊತ್ತು ಇತ್ತು. ಅತ್ತಿತ್ತ ಸವರಿ ನೋಡಿದ.

"ಹಂಗಾರ ಇದು ಸೊಟ್ಟ ಅಲ್ಲ ಬಿಡು" ಅಂದ.

"ಅಷ್ಟ ಹೇಳಾಕ ಇಷ್ಟೊತ್ತೇನು?" ಅಂದಳು ಆಯಿ, ಸೂಜಿಯನ್ನು ಸೆರಗಿಗೆ ಚುಚ್ಚಿಕೊಳ್ಳುತ್ತ. "ನನ್ನ ಹೊಲಗಿ ಹ್ಯಾಂಗ ಅದ ಅಂತ ಒಬ್ಬರಾದ್ರೂ ಅಂದೀರೇನು?"